ಕ್ರೇಟಿಗೆ ಕಟ್ಟಿದ ಸೆರಗು

೧೯೭೩ರ ಫೆಬ್ರುವರಿ ಹನ್ನೆರಡು, ಸೋಮವಾರ. ಗೋರೆಗಾಂವ್ ಕಡೆಯ ಒಂದು ಪೊಲೀಸ್ ಠಾಣೆಗೆ ಬೆಳಿಗ್ಗೆ ಹತ್ತರ ಸುಮಾರಿಗೆ ಲಕ್ಷ್ಮವ್ವ ಅಳುತ್ತ ಬಂದಳು. ಹಿಂದೆ ಅವಳ ತಂಗಿ ಸುಂದ್ರವ್ವ. ಅವರಿದ್ದ ಸಾಲುಖೋಲಿಗಳ ಚಾಳಿನ ಮೂಲೆಯ ಹಾಲಿನ ಬೂತ್ ಲಕ್ಷ್ಮವ್ವನ ಹೆಸರಿನಲ್ಲಿತ್ತು. ಹಾಲಿನ ಬಾಟಲಿ ತುಂಬಿ ಬರುವ ತಂತಿಯ ಕ್ರೇಟುಗಳು ಒಂದೊಂದಾಗಿ ಮಾಯವಾಗುತ್ತಿವೆ ಎಂಬುದು ಅವಳ ದೂರು.

"ಖಾಲಿ ಕ್ರೇಟು ಕದ್ದು ಯಾರೇನ್ ಮಾಡ್ತಾರವ್ವಾ?" ಇನ್‌ಸ್ಪೆಕ್ಟರ್ ಬಸವಂತರಾಯ ಮಡಕೆಯ ನೀರು ಕುಡಿಯುತ್ತ ಕೇಳಿದ. ಮುಂಬಯಿ ಪೊಲೀಸಿನಲ್ಲಿ ಕೂದಲು ನರೆತರೂ ವಿಜಾಪುರದ ಮಾತು ಬಿಟ್ಟವನಲ್ಲ.

"ನನಗೇನ್ ಗೊತ್ರಿ ಸಾಹೇಬ್ರ? ಇನ್ನೊಂದ್ ಹೋದ್ರ ಬೂತ್ ಕಸಗೋತೀನಿ ಅಂದಾನ್ರಿ ಡೇರಿ ಸಾಹೇಬ. ಗಂಡ ಸತ್ತ ಮ್ಯಾಲೆ ಅದ ನನ್ನ ಅನ್ನಾರಿ."

"ಗುರುತು ಏನರ ಐತಿ?"

"ಗಾಡಿಯವ್ರು ಮುರಕ ಕ್ರೇಟ್ ನನ್ನ ತಲೀಗೆ ಕಟ್ಟಬಾರದಂತ, ನನ್ನ ಬೂತಿಗೆ ಇಳದದ್ದಕ್ಕೆಲ್ಲಾ ಕೆಂಪು ಅರಿವಿ ಕಟ್ತೀನ್ರಿ. ನಮ್ಮವ್ವನ ಹಳೇ ಇಳಕಲ್ ಸೀರಿ ಸೆರಗು."

"ಯಾರ ಮ್ಯಾಲಾದ್ರೂ ಸಂಶೆ?"

"ಇಲ್ರಿ. ಚಾಳಿನವ್ರೆಲ್ಲಾ ನನ್ನವ್ರ."

ಸುಂದ್ರವ್ವ ಅಕ್ಕನ ಬೆನ್ನು ಸವರುತ್ತ, "ಅಳಬ್ಯಾಡಕ್ಕಾ, ಸಾಹೇಬ್ರು ಹುಡುಕತಾರ" ಎಂದಳು. ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಬಸವಂತರಾಯ ಕಾನ್‌ಸ್ಟೇಬಲ್ ಸಾಯಬಣ್ಣನನ್ನು ಕರೆದುಕೊಂಡು ಚಾಳಿಗೆ ಹೋದ. ಅಬ್ಬಾ, ಎಲ್ಲಿ ನೋಡಿದಲ್ಲಿ ಕ್ರೇಟು! ನಲ್ಲಿಯ ಮುಂದೆ ಕೊಡಗಳ ಸಾಲಿನಲ್ಲಿ ಯಾರ ಬದಲಿಗೋ ಒಂದು ಕ್ರೇಟು ಪಾಳಿ ಕಾಯುತ್ತಿತ್ತು. ಚಾಂದಬಿಯ ಬಾಗಿಲಲ್ಲಿ ಅದು ಕೋಳಿಗೂಡು, ಒಳಗೆ ಬಂದವರಿಗೆ ಕೂರಲು ಇನ್ನೊಂದು. ಸೈಕಲ್ ರಿಪೇರಿಯ ಜಮಾಲಸಾಬ ಅದರ ಮೇಲೆಯೇ ಕೂತು ಪಂಕ್ಚರ್ ಹಾಕುತ್ತಿದ್ದ. ಒಂದು ಮನೆಯಲ್ಲಿ ಸ್ಟೋವ್ ಇಡಲು, ಮತ್ತೊಂದರಲ್ಲಿ ದೇವರ ಫೋಟೋ ಇಡಲು. ಕದ್ದ ಮಾಲು ಹೀಗೆ ರಾಜಾರೋಷವಾಗಿ ಬೀದಿಯಲ್ಲಿ ಸಂಸಾರ ಹೂಡಿದ್ದನ್ನು ಬಸವಂತರಾಯ ತನ್ನ ನೌಕರಿಯಲ್ಲೇ ಕಂಡಿರಲಿಲ್ಲ. ಒಂದಕ್ಕೂ ಕೆಂಪು ಅರಿವೆ ಇರಲಿಲ್ಲ.

"ಇದು ಎಲ್ಲಿಂದ ಬಂತು?"

"ಚೋರಿ ಮಾಲ್ ಅಲ್ಲ ಸಾಬ್!" ಚಾಂದಬಿ ಸೆರಗು ಸರಿಪಡಿಸಿಕೊಂಡಳು. "ಲಕ್ಷ್ಮವ್ವ ಕೊಟ್ಟಾಳ್ರಿ. ಡೇರಿಯವ್ರಿಗೆ ಗೊತ್ತಾದ್ರ ಅಕೀಗೆ ತ್ರಾಸ, ಅಕೀ ಮುಂದೂ ಮಾತ್ ತಗೀಬ್ಯಾಡ ಅಂತ ಹೇಳ್ಯಾರ. ಅದಕ ಸುಮ್ಮ ಅದೀವಿ."

ಜಮಾಲಸಾಬನೂ ಅದನ್ನೇ ಹೇಳಿದ. ಸ್ಟೋವಿನವರೂ ಅದನ್ನೇ ಹೇಳಿದರು. ಸಾಯಬಣ್ಣ ತಲೆ ಕೆರೆದುಕೊಂಡ.

"ಸಾಹೇಬ್ರ, ಠಾಣೇದಾಗ ನಿಮ್ಮ ನೀರಿನ ಮಡಕಿ ಐತೆಲ್ಲರಿ..."

"ಏನಾತು ಅದಕ್ಕ?"

"ಅದರ ಕೆಳಗಿನ ಕ್ರೇಟೂ ಲಕ್ಷ್ಮವ್ವ ಕಳಸಿದ್ದ ರೀ."

ಬಸವಂತರಾಯನಿಗೆ ಮೈಯೆಲ್ಲ ಉರಿಯಿತು. "ಭಲೇ ಮಗನ! ಕಳ್ಳಮಾಲಿನ ಮ್ಯಾಲಿನ ನೀರು ಕುಡಿಸಿ ನನ್ನ ಕಡಿಂದ ದೂರು ಬರಸಿದಿ!"

ಅವನ ಲೆಕ್ಕ ಸರಳವಾಗಿತ್ತು. ಈ ಹೆಂಗಸು ಡೇರಿಯ ಮಾಲನ್ನು ಹಂಚಿ ಹೆಸರು ಮಾಡಿಕೊಂಡು, ಈಗ ಕಳ್ಳತನ ಅಂತ ನಾಟಕ ಹೂಡಿದ್ದಾಳೆ. ಆ ಕಣ್ಣೀರನ್ನು ತಾನು ನಂಬಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಮಧ್ಯಾಹ್ನ ಲಕ್ಷ್ಮವ್ವನನ್ನು ಠಾಣೆಗೆ ಕರೆಸಿದ.

"ಯಾಕ್ ಕೊಟ್ಟಿ?"

"ನಾ ಯಾರಿಗೂ ಕೊಟ್ಟಿಲ್ರಿ! ನಮ್ಮವ್ವನ ಆಣಿ."

"ದಿನಾ ಆ ಮನಿಗೋಳಿಗೆ ಹೋಗ್ತಿ. ನೋಡಿಲ್ಲ?"

"ನೋಡೇನ್ರಿ. ಚಾಂದಬಿ ಮನ್ಯಾಗ ಕ್ರೇಟಿನ ಮ್ಯಾಲೇ ಕುಂತು ಚಹಾ ಕುಡದೀನಿ. ನನ್ನ ಅರಿವಿ ಇರಲಿಲ್ಲ, ಬ್ಯಾರೆ ಬೂತಿಂದು ಅನ್ಕೊಂಡೆ."

ಬೇಡಿ ತರಿಸಲು ಬಾಯಿ ತೆರೆದಿದ್ದ ಬಸವಂತರಾಯ ಅಲ್ಲೇ ನಿಂತ. ಇವಳೇ ಕೊಟ್ಟಿದ್ದರೆ ಗುರುತು ಬಿಚ್ಚುವ ಗರಜೇನಿತ್ತು? ಅರಿವೆ ಮರೆಯಾಗಬೇಕಿದ್ದದ್ದು ಲಕ್ಷ್ಮವ್ವನ ಕಣ್ಣಿಗೆ ಮಾತ್ರ. ಮೂವತ್ತು ವರ್ಷ ಪೊಲೀಸಾಗಿದ್ದೂ ಅವನು ಯಾರು ಕೊಟ್ಟರು ಎಂದಷ್ಟೇ ಕೇಳಿದ್ದ. ಯಾರು ಹೊತ್ತು ತಂದರು ಎಂದು ಕೇಳಿರಲಿಲ್ಲ.

"ಸಾಯಬಣ್ಣ, ನಿನ್ನ ಕೈಯಾಗ ಕ್ರೇಟು ಕೊಟ್ಟವ್ರು ಯಾರು?"

"ತಂಗಿ ರೀ. ಸುಂದ್ರವ್ವ."

ಲಕ್ಷ್ಮವ್ವ ನಕ್ಕೇಬಿಟ್ಟಳು. "ಆಕಿ? ಏನ್ ಚಾಷ್ಟಿ ಮಾಡ್ತೀರಿ ಸಾಹೇಬ್ರ!"

ಮತ್ತೆ ಕೇಳಿದಾಗ ಚಾಂದಬಿಯೂ ಜಮಾಲಸಾಬನೂ ಅದೇ ಹೆಸರು ಹೇಳಿದರು. ನಾಲ್ಕು ಗಂಟೆಗೆ ಇಬ್ಬರು ಪಂಚರ ಸಮಕ್ಷಮ ಸುಂದ್ರವ್ವನ ಖೋಲಿಯ ಶೋಧ ನಡೆಯಿತು. ಕ್ರೇಟು ಒಂದೂ ಇರಲಿಲ್ಲ. ಬಸವಂತರಾಯ ಕ್ರೇಟು ಹುಡುಕುತ್ತಲೂ ಇರಲಿಲ್ಲ. ಅವನ ತಾಯಿಯೂ ಹಳೆ ಅರಿವೆ ಕೂಡಿಸಿ ಕೌದಿ ಹೊಲಿದವಳೇ. ತಾಯಿಯ ಸೀರೆಯ ಚೂರನ್ನು ತಮ್ಮ ಕಡೆಯ ಯಾವ ಮಗಳೂ ಗಟಾರಕ್ಕೆ ಒಗೆಯಲಾರಳು ಎಂದು ಅವನಿಗೆ ಗೊತ್ತಿತ್ತು.

ಟ್ರಂಕಿನ ತಳದಲ್ಲಿ ಅರ್ಧ ಹೊಲಿದ ಕೌದಿ ಸಿಕ್ಕಿತು. ನಟ್ಟನಡುವೆ ಇಳಕಲ್ ಸೆರಗಿನ ಕೆಂಪು ಪಟ್ಟಿಗಳು, ಗಂಟು ಬಿಚ್ಚಿದ ಸುಕ್ಕು ಇನ್ನೂ ಮಾಸಿರಲಿಲ್ಲ. ಲಕ್ಷ್ಮವ್ವ ಅದನ್ನು ಬೆರಳಿನಿಂದ ಸವರಿ ನೋಡಿ ಕೈ ಹಿಂದಕ್ಕೆಳೆದುಕೊಂಡಳು.

"ಅಕ್ಕನ ಹೆಸರಲೇ ಹಂಚಿದ್ದು ಯಾಕ?" ಬಸವಂತರಾಯ ಸುಂದ್ರವ್ವನನ್ನು ಕೇಳಿದ.

"ಸಿಕ್ಕಿಬಿದ್ರ ಆಕೀನ ಕೊಟ್ಟಾಳಂತ ಮಂದಿ ಹೇಳಲಿ ಅಂತ."

"ಬೂತ್ ಹೋದ್ರ ಮುಂದ ಯಾರಿಗೆ?"

"ಕೆಲಸ ಬಲ್ಲವ್ರಿಗೆ. ನನಗ." ಸುಂದ್ರವ್ವ ಅಕ್ಕನ ಕಡೆ ತಿರುಗಿದಳು. ದನಿ ಏರಲಿಲ್ಲ. "ಬೂತಿನ ಸಲವಾಗಿ ಇಬ್ಬರೂ ಓಡಾಡೀವಿ. ನೀ ಕಿಟಕಿ ಒಳಗ ಕುಂತಿ, ನಾ ಹೊರಗ ಕ್ರೇಟು ಹೊತ್ತೆ. ಒಂದಿನಾನೂ ಕಿಟಕ್ಯಾಗ ಕುಂದ್ರು ಅನ್ನಲಿಲ್ಲ. ಅವ್ವನ ಸೀರಿ ಹರಿಯುಮುಂದನೂ ನನ್ನೊಂದು ಮಾತು ಕೇಳಲಿಲ್ಲ."

ಲಕ್ಷ್ಮವ್ವ ತಂಗಿಯ ಎದುರಿಗೆ ಬಂದು ನಿಂತಳು. "ಇವತ್ತ ನನಗ ಬೇಡಿ ಹಾಕ್ತಿದ್ರು, ಸುಂದ್ರಾ. ಆವಾಗ ನೀ ಏನ್ ಮಾಡ್ತಿದ್ದಿ?"

"ಬುತ್ತಿ ತಂದು ಕೊಡ್ತಿದ್ದೆ, ಅಕ್ಕಾ. ದಿನಾ."

ಲಕ್ಷ್ಮವ್ವ ಹೊರಗೆ ನಡೆದಳು.

ಕೌದಿಯನ್ನು ಮುದ್ದೇಮಾಲೆಂದು ಪಂಚನಾಮೆಯಲ್ಲಿ ಕಾಣಿಸಿ, ಸೂರ್ಯ ಮುಳುಗುವ ಮೊದಲು ಸುಂದ್ರವ್ವನನ್ನು ಬಂಧಿಸಲಾಯಿತು. ಠಾಣೆಯ ಮಡಕೆಯನ್ನು ಸಾಯಬಣ್ಣ ನೆಲಕ್ಕಿಳಿಸಿದ, ಆ ಕ್ರೇಟೂ ಜಪ್ತಿಯಾಯಿತು. ಹೊಟ್ಟೆಗಿಲ್ಲದೆ ಕದ್ದವರನ್ನು ಬಸವಂತರಾಯ ಬೇಕಾದಷ್ಟು ನೋಡಿದ್ದ. ಕಿಟಕಿಯಲ್ಲಿ ಒಂದು ದಿನ ಕೂರುವ ಆಸೆಗೆ ಕದ್ದವಳು ಇವಳೊಬ್ಬಳೇ.

ಮರುದಿನ ಮಧ್ಯಾಹ್ನ ಲಕ್ಷ್ಮವ್ವ ಬೂತಿನ ಮುಂದೆ, ಚಾಳಿನವರು ತಂದೊಪ್ಪಿಸಿದ ಕೊನೆಯ ಕ್ರೇಟುಗಳನ್ನು ಪಂಚರೆದುರು ತಾನೇ ಹೊತ್ತು ಪೊಲೀಸರ ಗಾಡಿಗೆ ಏರಿಸಿದಳು. ಯಾರನ್ನೂ ಕೈ ಹಚ್ಚಲು ಬಿಡಲಿಲ್ಲ. ಠಾಣೆಯಲ್ಲಿ ಸಾಯಬಣ್ಣ ಪಾವ್ ತಂದಿಟ್ಟಿದ್ದ. ಸುಂದ್ರವ್ವ ಅದನ್ನು ಮುಟ್ಟದೆ, ಅಕ್ಕನ ಬುತ್ತಿ ಬಂದೀತೆಂದು ಬಾಗಿಲನ್ನೇ ನೋಡುತ್ತ ಕೂತಿದ್ದಳು. ಕೋರ್ಟಿಗೆ ಹೊರಡುವ ಹೊತ್ತಾಯಿತು, ಬುತ್ತಿ ಬರಲಿಲ್ಲ.