ಕ್ಯಾಪಿಟಲ್ ಹಿಲ್‌ನ ಕೈಗಂಟೆ

"ನನ್ನ ಗಂಟೆ ಕದ್ದಿದ್ದಾರೆ ಅಗಸ್ಟಾ. ಈ ಮನೆಯೊಳಗಿದ್ದವರೇ ಕದ್ದಿದ್ದಾರೆ."

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆಂದವಳು ಲವೊನ್ ಸ್ಟಾಲ್ನೇಕರ್. ವೆಸ್ಟ್ ವರ್ಜೀನಿಯಾದ ಬೆಟ್ಟಗಳ ನಡುವಿನ ಪುಟ್ಟ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಆ ಮಧ್ಯಾಹ್ನ ಆಕೆ ಸೆನೆಟರನ್ನು ಕಾಣಬೇಕಿತ್ತು.

ವಾಷಿಂಗ್ಟನ್ನಿನಲ್ಲಿ, ಸಂಸತ್ ಭವನವಿರುವ ಕ್ಯಾಪಿಟಲ್ ಹಿಲ್‌ನಲ್ಲಿ, ಮುಖ್ಯೋಪಾಧ್ಯಾಯರ ಸಂಘಕ್ಕೊಂದು ಹಳೆಯ ಇಟ್ಟಿಗೆ ಮನೆಯಿದೆ. ಅದರ ಮೇಲಂತಸ್ತಿನಲ್ಲಿ ಅಗಸ್ಟಾ ಟ್ರಿಂಬಲ್ ಇದ್ದರು. ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ಯಾವ ಕಿತಾಪತಿಯನ್ನೂ ದನಿ ಏರಿಸದೆ ಪತ್ತೆ ಹಚ್ಚುತ್ತಿದ್ದವರು. ನಿವೃತ್ತರಾದ ಮೇಲೂ ಕೆಲಸ ಅದೇ. ನಾನು ವೆಂಡೆಲ್, ಅವರ ಉಪಮುಖ್ಯೋಪಾಧ್ಯಾಯನಾಗಿದ್ದವನು. ಈಗ ಅವರಿಗೆ ಟೋಸ್ಟ್ ಮಾಡಿಕೊಡುತ್ತಿದ್ದೆ. ಆ ಬೆಳಿಗ್ಗೆ ಅದನ್ನೂ ಸೀಯಿಸಿದ್ದೆ.

"ಕೂತ್ಕೊಳಮ್ಮ. ಕದ್ದರು ಅಂತ ಆಮೇಲೆ ಹೇಳುವಿಯಂತೆ. ಮೊದಲು ಗಂಟೆ ವಿಷಯ ಹೇಳು," ಎಂದರು ಅಗಸ್ಟಾ.

"ನಮ್ಮೂರಲ್ಲಿ ಗಾಳಿ ಬೀಸಿದರೆ ಸಾಕು, ಕರೆಂಟ್ ಹೋಗುತ್ತೆ. ಪಾಠಕ್ಕೆ, ಊಟಕ್ಕೆ, ಬೆಂಕಿ ಬಿದ್ದಾಗ ಹೊರಬರೋ ಕವಾಯತಿಗೆ, ಎಲ್ಲಕ್ಕೂ ಅದೇ ಕೈಗಂಟೆ. ಮಗು ಮೊದಲ ಪುಸ್ತಕ ಪೂರ್ತಿ ಓದಿದ ದಿನ ತಾನೇ ಬಾರಿಸುತ್ತೆ. ಓದು ಕಲಿಸೋ ಟೀಚರ್‌ಗೆ ಕೇಂದ್ರದ ಅನುದಾನದಿಂದ ಸಂಬಳ. ಅದನ್ನೀಗ ಕಿತ್ತುಹಾಕ್ತಿದ್ದಾರೆ. ಸೆನೆಟರ್ ಮುಂದೆ ನನಗೆ ಮಾತು ಬರಲ್ಲ. ಗಂಟೆ ತೋರಿಸೋಣ ಅಂದ್ಕೊಂಡಿದ್ದೆ."

"ಯಾವಾಗ ಕಾಣೆಯಾಯ್ತು?"

"ವೆಂಡೆಲ್ ಅವರು ಟೋಸ್ಟ್ ಸುಟ್ಟು ಹೊಗೆಯ ಅಲಾರಂ ಹೊಡೀತಲ್ಲ, ಆಗ. ಎಲ್ಲರೂ ಹಿತ್ತಲಿಗೆ ಹೋದೆವು. ನಾನೇ ತಲೆ ಎಣಿಸಿದೆ, ಒಬ್ಬರೂ ತಪ್ಪಿರಲಿಲ್ಲ. ವಾಪಸ್ ಬಂದರೆ ಸಭೆಯ ಕೋಣೆ ಬಾಗಿಲು ಹಾಕಿತ್ತು, ದೀಪ ಆರಿತ್ತು, ಮೇಜಿನ ಮೇಲೆ ಗಂಟೆ ಇರಲಿಲ್ಲ."

ಬೆಳಿಗ್ಗೆ ಸೆನೆಟರ್ ಭೇಟಿಯ ತಯಾರಿಗೆಂದು ಲವೊನ್ ಜೊತೆ ಸಭೆ ಕೂತಿದ್ದವರು ಇಬ್ಬರು; ಅನುಮಾನವೂ ಅವರ ಮೇಲೇ. ನಗರದ ದೊಡ್ಡ ಶಾಲೆಯ ಕರ್ಟಿಸ್ ಬೇಲಿಸ್‌ಗೆ ಸೆನೆಟರ್ ಕೊಟ್ಟ ಅಷ್ಟು ಸಮಯವೂ ತನ್ನ ಬೇಡಿಕೆಗೇ ಬೇಕಿತ್ತು. ಸಂಘದ ಪರವಾಗಿ ಶಾಸಕರ ಜೊತೆ ಮಾತಾಡುವ ಥಿಯಾ ಲಿಂಡ್ಕ್ವಿಸ್ಟ್ ಗಂಟೆಯನ್ನು ಮಕ್ಕಳಾಟ ಎಂದು ನಕ್ಕಿದ್ದಳು.

"ನಾನೇನು ಗಂಟೆ ಕದ್ದು ಹಸುವಿಗೆ ಕಟ್ಟಲಾ?" ಎಂದ ಕರ್ಟಿಸ್.

"ನಕ್ಕಿದ್ದು ನಿಜ. ಮುಟ್ಟಿಲ್ಲ ಕಣ್ರೀ," ಎಂದಳು ಥಿಯಾ.

ಲವೊನ್ ಇಬ್ಬರನ್ನೂ ನೋಡಲಿಲ್ಲ. ನೋಡದಿರುವುದೇ ಆಪಾದನೆಯಂತಿತ್ತು. ಅಗಸ್ಟಾ ಬಹಳ ಹೊತ್ತು ಸುಮ್ಮನಿದ್ದರು. ಅವರ ಮೌನ ನನಗೆ ಗೊತ್ತು. ಅಪರಾಧಿ ತಾನಾಗಿ ಬಾಯಿಬಿಡಲೆಂದು ಕಾಯುವ ಮೌನವಲ್ಲ ಅದು. ಯಾರಿಗೂ ನೋವಾಗದ ದಾರಿ ಹುಡುಕುವ ಮೌನ.

"ಎಲ್ಲರೂ ಬೆಳಿಗ್ಗೆ ಕೂತಲ್ಲೇ ಕೂತ್ಕೊಳ್ಳಿ," ಎಂದರು ಕೊನೆಗೆ. "ವೆಂಡೆಲ್, ಇನ್ನೊಂದು ಟೋಸ್ಟ್ ಸುಡಿ. ಆ ಕೆಲಸ ನಿಮಗೆ ಚೆನ್ನಾಗಿ ಬರುತ್ತೆ."

ಸುಟ್ಟು ಬಂದು ಬಾಗಿಲ ಬಳಿ ನಿಂತೆ. ಅಲಾರಂ ಕಿರುಚಿತು. ಥಿಯಾ ಫೋನು, ಕೋಟು ಬಾಚಿಕೊಂಡು ಓಡಿದಳು. ಕರ್ಟಿಸ್ ಬೆನ್ನಿನಿಂದ ಬಾಗಿಲನ್ನು ಒತ್ತಿ ಹಿಡಿದು, "ಓಡಬೇಡಿ, ನಡೀರಿ," ಎಂದ. ಲವೊನಳ ಬಲಗೈ ಖಾಲಿ ಮೇಜಿನ ಅಂಚಿಗೆ ಹೋಗಿ ಏನನ್ನೋ ಎತ್ತಿಕೊಂಡಂತೆ ಮಡಚಿತು. ಎಡಗೈಯ ಬೆರಳುಗಳು ಅದರಡಿಯಲ್ಲಿ ಕಾಣದ ಗಂಟೆಯ ನಾಲಿಗೆಯನ್ನು ಸದ್ದಾಗದಂತೆ ಹಿಡಿದವು. ಎಲ್ಲರ ಹಿಂದೆ ನಡೆದು, ಮೊಣಕೈಯಿಂದ ದೀಪ ಆರಿಸಿ, ಬಾಗಿಲೆಳೆದು ಹಿತ್ತಲಿಗೆ ಬಂದಳು. ತಲೆ ಎಣಿಸಿದಳು. ಆಮೇಲೆ ಆ ಕೈ ತಾನಾಗಿ ಗೇಟಿನ ಕಂಬದತ್ತ ಏರಿ, ಬಳ್ಳಿಯ ಎಲೆಗಳೊಳಗೆ ಹೋಗಿ, ಅಲ್ಲೇ ನಿಂತುಬಿಟ್ಟಿತು.

ಲಾಂದ್ರ ನೇತುಹಾಕುವ ಕೊಕ್ಕೆಯಲ್ಲಿ ಗಂಟೆ ತೂಗುತ್ತಿತ್ತು.

"ನಾನೇ?" ಎಂದಳು ಲವೊನ್.

"ನೀನೇ ಕಣಮ್ಮ," ಎಂದರು ಅಗಸ್ಟಾ, ಅಲ್ಲೇ ಹಿತ್ತಲಲ್ಲಿ ಎಲ್ಲರನ್ನೂ ಸುತ್ತ ಸೇರಿಸಿಕೊಂಡು. "ಕಳ್ಳ ದೀಪ ಆರಿಸಿ ಬಾಗಿಲು ಹಾಕಿ ಹೋಗ್ತಾನಾ? ಅದು ಕವಾಯತಿನ ನಿಯಮ, ಕೊನೆಗೆ ಹೊರಡುವ ಮೇಷ್ಟರ ಕೆಲಸ. ಒಳಗೆ ಯಾರೂ ಉಳಿದಿರಲಿಲ್ಲ ಅಂತ ನೀನೇ ಎಣಿಸಿ ಹೇಳಿದೆ. ಹಾಗಾದರೆ ಗಂಟೆ ನಮ್ಮ ಜೊತೆಯೇ ಹೊರಗೆ ಬಂದಿರಬೇಕು. ಥಿಯಾ ಮೇಷ್ಟರಲ್ಲ. ಕರ್ಟಿಸ್ ಶಾಲೇಲಿ ಎಲ್ಲ ವಿದ್ಯುತ್ ಗಂಟೆ. ಕವಾಯತಿಗೆ ಕೈಗಂಟೆ ಹಿಡಿಯೋಳು ನೀನೊಬ್ಬಳೇ. ತಲೆ ಎಣಿಸಿದ ಮೇಲೆ ನಿನ್ನ ಶಾಲೇಲಿ ಅದನ್ನ ಎಲ್ಲಿ ನೇತುಹಾಕ್ತೀಯ?"

"ಗೇಟಿನ ಕಂಬಕ್ಕೆ," ಎಂದಳು ಲವೊನ್, ಸಣ್ಣ ದನಿಯಲ್ಲಿ.

"ನಾವ್ಯಾಕೆ ನೋಡಲಿಲ್ಲ?" ಎಂದೆ.

"ಅಲಾರಂ ಹೊಡೆದಾಗ ಮುಖ್ಯೋಪಾಧ್ಯಾಯಿನಿ ಕೈಲಿ ಗಂಟೆ ಇದ್ದರೆ ಅದನ್ನ ಯಾರು ವಿಶೇಷ ಅಂತ ನೋಡ್ತಾರೆ ವೆಂಡೆಲ್?"

ಲವೊನ್ ಕರ್ಟಿಸ್‌ನ ಕಡೆ ತಿರುಗಿದಳು. ಆಕೆ ಬಾಯಿ ತೆರೆಯುವ ಮೊದಲೇ ಅವನೆಂದ: "ಕ್ಷಮೆಗಿಮೆ ಬೇಡ. ಸೆನೆಟರ್ ಮುಂದೆ ನನ್ನ ಸಮಯದಲ್ಲಿ ಅರ್ಧ ನೀನೇ ತಗೋ."

ಮಧ್ಯಾಹ್ನ ತಮ್ಮ ಕಚೇರಿಯಲ್ಲಿ ಸೆನೆಟರ್ ಫೋನಿನಿಂದ ಕಣ್ಣೆತ್ತದೆ ನಮ್ಮನ್ನು ಕೂರಿಸಿದರು. ಕರ್ಟಿಸ್ ತನ್ನದನ್ನು ಬೇಗ ಮುಗಿಸಿದ. ಲವೊನ್ ಗಂಟೆಯನ್ನು ಮೇಜಿನ ಮೇಲಿಟ್ಟು, "ಓದಲು ಕಲಿತ ಮಗು ಇದನ್ನ ಬಾರಿಸುತ್ತೆ ಸರ್. ಟೀಚರ್ ಹೋದರೆ ಇದು ಬರೀ ಊಟಕ್ಕೆ," ಎಂದಳು. ಥಿಯಾ ಏನೋ ಸೇರಿಸಹೊರಟಳು. ಅಗಸ್ಟಾ ಬೇಡವೆಂಬಂತೆ ಅವಳ ಮಣಿಕಟ್ಟು ಮುಟ್ಟಿದರು. ಆ ಮೌನದಲ್ಲಿ ಸೆನೆಟರ್ ಫೋನು ಕೆಳಗಿಟ್ಟು ಗಂಟೆಯನ್ನೆತ್ತಿಕೊಂಡರು.

"ನಾಲಿಗೆ ಹಿಡಿದು ಎತ್ತಿದರು, ನೋಡಿದಿರಾ?" ಎಂದರು ಅಗಸ್ಟಾ ಹೊರಗೆ ಬಂದ ಮೇಲೆ. "ಯಾವುದೋ ಶಾಲೇಲಿ ಗಂಟೆ ಹೊತ್ತ ಹುಡುಗ."

ಅನುದಾನ ಉಳಿಯಿತು. ಗಂಟೆಯಿಂದಲೇ ಉಳಿಯಿತೆಂದು ನಾನು ಹೇಳಲಾರೆ. ರಜೆ ಮುಗಿದು ಲವೊನಳ ಶಾಲೆ ಮತ್ತೆ ತೆರೆದ ಮೇಲೊಂದು ದಿನ ಫೋನ್ ಬಂತು. ಅಗಸ್ಟಾ ಕೇಳಿಸಿಕೊಂಡು, ರಿಸೀವರನ್ನು ನನ್ನ ಕಿವಿಗೆ ಹಿಡಿದರು. ಆ ಕಡೆ ಮಾತಿರಲಿಲ್ಲ. ಯಾವುದೋ ಮಗು, ಸಾಕೆನ್ನುವವರಿಲ್ಲದೆ, ಗಂಟೆ ಬಾರಿಸುತ್ತಲೇ ಇತ್ತು.