ಹದಿನಾರು ಗುಳಿಯ ಹಲಗೆ

ಏಪ್ರಿಲ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ, ಇಂಡಿಯಾನಾದ ಟಿಲ್‌ಮೋರ್ ಕೌಂಟಿಯ ಶೆರಿಫ್ ಠಾಣೆಗೆ ಕೊರಾ ಬ್ಯಾಕ್‌ಮನ್ ನುಗ್ಗಿದಳು. ನುಗ್ಗಿದಳು ಎಂದೇ ಬರೆಯಬೇಕು. ಶಾಲಾ ಬಸ್ಸು ಓಡಿಸುವ ಆ ಹೆಂಗಸು ಬಾಗಿಲು ತಳ್ಳಿದ ರಭಸಕ್ಕೆ ಗೋಡೆಯ ಕ್ಯಾಲೆಂಡರು ಕಳಚಿ ಬಿತ್ತು.

"ನನ್ನ ಗ್ಯಾರೇಜಿಗೆ ಕಳ್ಳ ನುಗ್ಗಿದಾನೆ. ಬರ್ಕೊಳ್ಳಿ."

ಡಿಟೆಕ್ಟಿವ್ ಡ್ವೈಟ್ ಹಾಸ್ಟೆಟ್ಲರ್ ಪೆನ್ನು ತೆಗೆದ. "ಏನು ಹೋಗಿದೆ?"

"ಒಂದು ಕ್ಯಾಮ್‌ಶಾಫ್ಟು. ಅದರ ಹದಿನಾರು ಲಿಫ್ಟರು. ನನ್ನ ಕಾರಿನ ಎಂಜಿನ್ನಿಗೆ ಅಂತ ಶನಿವಾರದ ಹಳೇ ಸಾಮಾನಿನ ಸಂತೇಲಿ ತಗೊಂಡಿದ್ದು."

"ಬೇರೆ ಏನಾದ್ರೂ?"

"ಹೋಗಿಲ್ಲ. ಬಂದಿದೆ."

"ಏನು ಬಂದಿದೆ?"

"ಒಂದು ಕ್ಯಾಮ್‌ಶಾಫ್ಟು. ಅದರ ಹದಿನಾರು ಲಿಫ್ಟರು."

ಡ್ವೈಟ್ ಪೆನ್ನು ಕೆಳಗಿಟ್ಟ. "ಅಲ್ಲಮ್ಮಾ, ಹಾಗಾದ್ರೆ ಹೋಗಿದ್ದೇನು?"

"ಅಯ್ಯೋ ದೇವರೇ! ನನ್ನದು ಹೋಯ್ತು, ಅದೇ ಜಾಗದಲ್ಲಿ ಇನ್ಯಾರದ್ದೋ ಕೂತಿದೆ. ನನ್ನದರ ತುದಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದೆ, ಇದಕ್ಕಿಲ್ಲ. ಅದೂ ನನ್ನದಕ್ಕಿಂತ ಚೆನ್ನಾಗಿದೆ. ಅದಕ್ಕೇ ನನಗೆ ಉರೀತಿರೋದು!"

ಇಪ್ಪತ್ತು ವರ್ಷದ ನೌಕರಿಯಲ್ಲಿ ಡ್ವೈಟ್ ಬಗೆಬಗೆಯ ಕಳ್ಳರನ್ನು ಕಂಡಿದ್ದ. ಕದ್ದ ಮೇಲೆ ಅದಕ್ಕಿಂತ ಒಳ್ಳೆಯದನ್ನು ಇಟ್ಟುಹೋದವನನ್ನು ಯಾವ ಕಲಮಿನ ಕೆಳಗೆ ತರುವುದು? ಕೊನೆಗೆ ಅಕ್ರಮ ಪ್ರವೇಶ ಮತ್ತು ಕಳವು ಎಂದು ದೂರು ದಾಖಲಾಯಿತು. ಇಟ್ಟುಹೋದದ್ದನ್ನು ಬರೆಯಲು ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಹನ್ನೊಂದು ಗಂಟೆಗೆ ಸ್ಥಳ ಮಹಜರು. ಡ್ವೈಟ್ ಜೊತೆಗೆ ಡೆಪ್ಯುಟಿ ರೋಂಡಾ ಪೆಲ್ಫ್ರಿ ಹೋದಳು. ಅವಳ ಅಪ್ಪ ಮಣ್ಣಿನ ಟ್ರ್ಯಾಕಿನಲ್ಲಿ ರೇಸು ಓಡಿಸಿದವನು. ಡ್ವೈಟನಿಗೆ ಎಂಜಿನ್ ಎಂದರೆ ಕೀಲಿ ತಿರುವಿದಾಗ ಸದ್ದು ಮಾಡುವ ವಸ್ತು, ಅಷ್ಟೆ. ಗ್ಯಾರೇಜಿನ ನಡುವೆ ಎಪ್ಪತ್ತನೇ ಇಸವಿಯ ಕಿತ್ತಳೆ ಬಣ್ಣದ ಪಾಂಟಿಯಾಕ್ ಬಾನೆಟ್ ಇಲ್ಲದೆ ನಿಂತಿತ್ತು. ಅದರ ಎಂಟು ಸಿಲಿಂಡರಿನ ಎಂಜಿನ್ ಪಕ್ಕದ ಸ್ಟ್ಯಾಂಡಿನಲ್ಲಿ ಬಿಚ್ಚಿಕೊಂಡು ಕೂತಿತ್ತು. ಬೆಲೆಬಾಳುವ ಕಾರ್ಬ್ಯುರೇಟರು ಮೇಜಿನ ಮೇಲೆ ಇದ್ದ ಹಾಗೇ ಇತ್ತು. ಪಕ್ಕದ ಬಾಗಿಲಿನ ಗಾಜು ಒಡೆದಿತ್ತು. ಆದರೆ ನೆಲದಲ್ಲಿ ಒಂದು ಚೂರೂ ಇರಲಿಲ್ಲ. ಎಲ್ಲವನ್ನೂ ಗುಡಿಸಿ ಕಸದ ಡಬ್ಬಿಗೆ ಹಾಕಲಾಗಿತ್ತು.

"ಗುಡಿಸಿದ್ದು ನೀವಾ?" ಡ್ವೈಟ್ ಕೇಳಿದ.

"ನಾನು ಗುಡಿಸೋಳ ಹಾಗೆ ಕಾಣ್ತೀನಾ?" ಎಂದಳು ಕೊರಾ. ಗ್ಯಾರೇಜು ನೋಡಿದರೆ ಕಾಣುತ್ತಿರಲಿಲ್ಲ.

ರೋಂಡಾ ಲಿಫ್ಟರುಗಳಿದ್ದ ಹಲಗೆಯನ್ನು ಎತ್ತಿ ಹಿಡಿದಳು. ಮರದ ಹಲಗೆ, ಎರಡು ಸಾಲಿನಲ್ಲಿ ಹದಿನಾರು ಗುಳಿ, ಪ್ರತಿ ಗುಳಿಯಲ್ಲಿ ಹೆಬ್ಬೆರಳು ಗಾತ್ರದ ಒಂದು ಉಕ್ಕಿನ ಉರುಳೆ.

"ಇವೆಲ್ಲ ಒಂದೇ ಥರ ಇದಾವಲ್ಲ?" ಡ್ವೈಟ್ ಕೇಳಿದ.

"ನೋಡೋಕೆ ಅಷ್ಟೇ ಸಾರ್. ಈ ದಂಡ ಇದೆಯಲ್ಲ, ಕ್ಯಾಮು, ಇದರ ಮೇಲೆ ಹದಿನಾರು ಉಬ್ಬು. ಒಂದೊಂದು ಉಬ್ಬಿಗೂ ಒಂದೊಂದು ಲಿಫ್ಟರು. ವರ್ಷಗಟ್ಟಲೆ ಉಜ್ಜಾಡಿ ಇದರ ಸವೆತ ಅದಕ್ಕೆ, ಅದರ ಸವೆತ ಇದಕ್ಕೆ ಹೊಂದಿಕೊಂಡಿರುತ್ತೆ. ಹಳೇ ಗಂಡ ಹೆಂಡ್ತಿ ಥರ. ಅದಲುಬದಲು ಮಾಡಿ ಕೂರಿಸಿದ್ರೆ ಒಂದನ್ನೊಂದು ತಿಂದು ಹಾಕ್ತವೆ. ಉಕ್ಕಿನ ಪುಡಿ ಎಣ್ಣೆಗೆ ಸೇರಿ ಇಡೀ ಎಂಜಿನ್ ಹಾಳು."

"ಆರು ವರ್ಷದ ದುಡಿಮೆ ಸಾರ್ ಈ ಕಾರು," ಕೊರಾಳ ದನಿ ಇಳಿಯಿತು. "ಈ ಶನಿವಾರ ಸ್ಟಾರ್ಟ್ ಮಾಡ್ತೀನಿ ಅಂತ ಭಾನುವಾರ ಚರ್ಚಿನ ಊಟದಲ್ಲಿ ಎಲ್ಲರಿಗೂ ಹೇಳಿಬಿಟ್ಟಿದೀನಿ. ಹೊಸ ಲಿಫ್ಟರ್ ನಂಬೋ ಹಾಗಿಲ್ಲ ಅಂತಲೇ ವೆರ್ಲಿನ್ ಸ್ಟೌಟ್ ಹತ್ರ ಹಳೇದು ತಗೊಂಡೆ. ವೆರ್ಲಿನ್ ಕೊಟ್ಟಿದ್ದನ್ನ ಯಾರೂ ಅಳತೆ ಮಾಡಿ ನೋಡಲ್ಲ. ಈಗ ಇದು ಯಾರದ್ದೋ, ಹೇಗಿಟ್ಟಿದಾರೋ!"

ಎದುರು ಮನೆಯ ಎಲ್ವುಡ್ ಪ್ರೂಯಿಟ್ ನಿವೃತ್ತ ಅಂಚೆಯವನು. ದಿನವಿಡೀ ಕಿಟಕಿಯಲ್ಲೇ ಇರುವ ಪ್ರಾಣಿ.

"ಬೆಳಿಗ್ಗೆ ಕೊರಾ ಬಸ್ಸು ತಗೊಂಡು ಹೋದ ಮೇಲೆ ಯಾರಾದ್ರೂ ಬಂದ್ರಾ?"

"ಯಾರೂ ಇಲ್ಲ."

"ಒಬ್ಬರೂ?"

"ಒಂದು ಮುದುಕಿ ಬಂದಿತ್ತು. ಅದೂ ಲೆಕ್ಕಕ್ಕೆ ಬರುತ್ತಾ?"

"ಕೈಲಿ ಏನಿತ್ತು?"

"ಟವೆಲ್ ಮುಚ್ಚಿದ ಅಡುಗೆ ಪಾತ್ರೆ. ಕಂಕುಳಲ್ಲಿ ದಿಂಬಿನ ಚೀಲ, ಒಳಗೆ ಏನೋ ಉದ್ದಕ್ಕಿತ್ತು. ಬ್ಯಾಕ್‌ಮನ್ ಮನೇಲಿ ಯಾರೋ ತೀರ್ಕೊಂಡ್ರು, ಊಟ ತಂದಿದಾರೆ ಅಂದ್ಕೊಂಡೆ. ಟೋಪಿ ಬೇರೆ ತೆಗೆದೆನಪ್ಪ ನಾನು!"

"ಮುಖ?"

"ಕನ್ನಡಕ ಸಿಗೋ ಹೊತ್ತಿಗೆ ಬೂದು ವ್ಯಾನು ತಿರುವು ದಾಟಿತ್ತು."

ಜೀಪು ಹತ್ತಿದ ಮೇಲೆ ಡ್ವೈಟ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕಳ್ಳಿ ಮುದುಕಿ. ಗಾಜು ಒಡೆದು ಕಸ ಗುಡಿಸುತ್ತಾಳೆ. ಕೆಟ್ಟದ್ದು ಒಯ್ದು ಒಳ್ಳೆಯದು ಇಡುತ್ತಾಳೆ. ತಲೆ ಬುಡ ಇಲ್ಲದ ಕೇಸು.

"ನನಗೊಂದೂ ಅರ್ಥ ಆಗ್ತಿಲ್ಲ, ರೋಂಡಾ."

"ಅದು ಹೊಸದೇನಲ್ಲ ಬಿಡಿ ಸಾರ್."

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಅವರು ವೆರ್ಲಿನ್ ಸ್ಟೌಟ್‌ನ ಶೆಡ್ಡಿಗೆ ಹೋದರು. ಅಂಗಳದಲ್ಲಿ ಬೂದು ವ್ಯಾನು ನಿಂತಿತ್ತು. ಇಬ್ಬರೂ ಅದನ್ನು ನೋಡಿ ಮುಂದೆ ನಡೆದರು. ಒಳಗೆ ಗೋಡೆಯುದ್ದಕ್ಕೂ ಹದಿನಾರು ಗುಳಿಯ ಹಲಗೆಗಳು, ಒಂದೊಂದರ ಜೊತೆಗೂ ಅದರದೇ ಕ್ಯಾಮ್ ಕಟ್ಟಿಟ್ಟಿತ್ತು. ಐವತ್ತು ವರ್ಷದಿಂದ ಇದೇ ಕಸುಬು. 'ವೆರ್ಲಿನ್ ಹಲಗೆ' ಎಂದರೆ ಆ ಸಂತೆಯಲ್ಲಿ ಆಣೆ ಇಟ್ಟ ಹಾಗೆ.

ಎಪ್ಪತ್ತಾರರ ಮುದುಕ ಎದ್ದು ನಿಂತ. "ಯಾರಿದು, ಪೆಲ್ಫ್ರಿ ಮಗಳಲ್ವಾ? ಅಪ್ಪ ಹೇಗಿದಾನಮ್ಮ?"

ರೋಂಡಾ ಅವನ ಮುಖ ನೋಡಿದಳು. "ತೀರ್ಕೊಂಡು ನಾಲ್ಕು ವರ್ಷ ಆಯ್ತಲ್ಲ, ವೆರ್ಲಿನ್. ನೀವೂ ಹೆಗಲು ಕೊಟ್ಟಿದ್ರಿ."

"ಹೌದು, ಹೌದು. ಕೊಟ್ಟಿದ್ದೆ." ಮುದುಕ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

ಡ್ವೈಟ್ ಕೊರಾಳ ಗ್ಯಾರೇಜಿನಲ್ಲಿ ಸಿಕ್ಕಿದ ಕ್ಯಾಮನ್ನೂ ಲಿಫ್ಟರುಗಳನ್ನೂ ಮೇಜಿನ ಮೇಲಿಟ್ಟ. "ಇದು ಯಾರದು ಅಂತ ಹೇಳೋಕೆ ಆಗುತ್ತಾ?"

ವೆರ್ಲಿನ್ ಎರಡು ಲಿಫ್ಟರುಗಳನ್ನು ಮುಖಕ್ಕೆ ಮುಖ ಕೂಡಿಸಿ, ಸವೆತ ನೋಡಲು ಬೆಳಕಿಗೆ ಹಿಡಿದ. ಮುಖ ಅರಳಿತು. "ಆಹಾ! ಇದು ನನ್ನದೇ. ಆದ್ರೆ ಮಾರೋದಲ್ಲ ಇದು. ನನ್ನ ಕಾರಿಗೆ ಅಂತ ಎತ್ತಿಟ್ಟಿರೋದು, ಅಗೋ ಅಲ್ಲಿ..."

ಎಲ್ಲಕ್ಕಿಂತ ಮೇಲಿನ ಅಟ್ಟಣೆಯಲ್ಲಿ ಒಂದು ಹಲಗೆ ಇತ್ತು, ಗುಳಿಗಳೆಲ್ಲ ಖಾಲಿ. ಕ್ಯಾಮ್ ಇರಲಿಲ್ಲ.

ಅರಳಿದ ಮುಖ ನೋಡನೋಡುತ್ತಲೇ ಬಾಡಿತು. "ಶನಿವಾರ ಕೊರಾಗೆ ಇದನ್ನ ಕೊಟ್ಟೆನಾ ನಾನು? ಇಲ್ಲ, ಇನ್ನೊಂದು ಕೊಟ್ಟೆ. ಇದನ್ನ... ನಾನು ಯಾವುದು ಕೊಟ್ಟೆ, ರೋಂಡಾ? ಸಂತೇಲಿ ನೀನಿದ್ಯಲ್ಲ?" ರೋಂಡಾ ಸಂತೆಗೆ ಹೋಗಿಯೇ ಇರಲಿಲ್ಲ. ಮುದುಕ ಕೈಯಲ್ಲಿದ್ದ ಲಿಫ್ಟರುಗಳನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡ. ಡ್ವೈಟನಿಗೆ ತಾನು ಈ ಪ್ರಶ್ನೆ ಕೇಳಲೇಬಾರದಿತ್ತು ಅನ್ನಿಸಿತು.

"ನೀನಲ್ಲ. ನಾನು."

ಬಾಗಿಲಲ್ಲಿ ಅವನ ಹೆಂಡತಿ ಓಪಲ್ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಗಿಡ್ಡ ಹೆಂಗಸು, ಏಪ್ರನ್ನಿನ ಮೇಲೆ ಹಿಟ್ಟು.

"ಏನು ನೀನು?" ವೆರ್ಲಿನ್ ಕೇಳಿದ.

"ಕೊರಾ ಗ್ಯಾರೇಜಿಗೆ ನುಗ್ಗಿದ್ದು ನಾನು." ಅವಳು ಡ್ವೈಟನ ಕಡೆ ತಿರುಗಿದಳು. "ಸಂತೆ ಹಿಂದಿನ ದಿನ ಇವ್ರು ಲಿಫ್ಟರ್ ತೊಳೆದು ನನ್ನ ಮಫಿನ್ ತಟ್ಟೇಲಿ ಜೋಡಿಸಿಟ್ಟಿದ್ರು. ಹದಿನಾರೂ ಅದರಲ್ಲೇ. ನನಗೆ ಚರ್ಚಿಗೆ ಮಫಿನ್ ಮಾಡ್ಬೇಕಿತ್ತು. ಎಲ್ಲ ಬೋಗುಣಿಗೆ ಸುರಿದೆ, ತಟ್ಟೆ ತೊಳೆದೆ. ಆಮೇಲೆ ಕೈಗೆ ಬಂದಂಗೆ ಹಲಗೆಗೆ ಚುಚ್ಚಿದೆ. ಭಾನುವಾರ ಕೊರಾ ಎಂಜಿನ್ ಸ್ಟಾರ್ಟ್ ಮಾಡ್ತೀನಿ ಅಂದಾಗ ಅದು ನೆನಪಾಯ್ತು. ಅವಳ ಎಂಜಿನ್ ಹೋದ್ರೆ ಇವರ ಹೆಸರು ಹೋಗುತ್ತೆ. ಅದಕ್ಕೆ ಇಲ್ಲಿರೋದ್ರಲ್ಲಿ ಒಳ್ಳೇದು ನೋಡಿ ತಗೊಂಡು ಹೋಗಿ ಬದಲಾಯಿಸಿದೆ. ಕ್ರಮ ತಪ್ಪಿಸಿಲ್ಲ, ಹಲಗೆ ಸಮೇತ ಪಾತ್ರೇಲಿಟ್ಟು ಒಯ್ದೆ. ಒಂದೊಂದೇ ತೆಗೆದು ಅವಳ ಹಲಗೇಲಿ ಒಂದೊಂದೇ ಇಟ್ಟು, ಖಾಲಿ ಹಲಗೆ ವಾಪಸ್ ತಂದಿದೀನಿ."

ವೆರ್ಲಿನ್ ಹೆಂಡತಿಯನ್ನು ಬಾಯಿ ಬಿಟ್ಟು ನೋಡಿದ.

"ತಟ್ಟೇಲಿ ಇಟ್ಟಿದ್ನಾ? ಇಟ್ಟಿರ್ತೀನಿ, ಇಟ್ಟಿರ್ತೀನಿ." ಆಮೇಲೆ ಒಮ್ಮೆಲೇ ಗುಡುಗಿದ. "ಐವತ್ತು ವರ್ಷದಿಂದ ಬಡ್ಕೊಂಡೆನಲ್ಲೇ ಮಾರಾಯ್ತಿ, ನನ್ನ ಸಾಮಾನು ಮುಟ್ಬೇಡ ಅಂತ! ಬೋಗುಣಿಗೆ ಸುರಿದಳಂತೆ! ಅವೇನು ಬಟಾಣಿ ಕಾಳೇನೇ? ನಾನಿಲ್ಲಿ ನನಗೇ ತಲೆ ಕೆಟ್ಟಿತು ಅಂತ..." ಮಾತು ಮುಗಿಯಲಿಲ್ಲ. ಮುದುಕ ಸ್ಟೂಲಿನ ಮೇಲೆ ಕುಸಿದು ನಗತೊಡಗಿದ. ಕಣ್ಣೊರೆಸಿಕೊಂಡು ಮತ್ತೆ ಬೈದ, ಮತ್ತೆ ನಕ್ಕ. ಅಷ್ಟು ಖುಷಿಯಿಂದ ಬೈಯುವವನನ್ನು ಡ್ವೈಟ್ ಕಂಡಿರಲಿಲ್ಲ.

ಕದ್ದ ಮಾಲು ಅಡುಗೆಮನೆಯ ಡೀಪ್ ಫ್ರೀಜರಿನಲ್ಲಿ ಸಿಕ್ಕಿತು. ಜೋಳದ ಚೀಲದ ಕೆಳಗೆ ಅಡುಗೆ ಪಾತ್ರೆ, ಅದರಲ್ಲಿ ಹದಿನಾರು ಲಿಫ್ಟರು. ಪಕ್ಕದಲ್ಲೇ ಕ್ಯಾಮು, ತುದಿಯಲ್ಲಿ ಕೆಂಪು ನೇಲ್ ಪಾಲಿಶ್. ರೋಂಡಾ ಜಪ್ತಿ ಮಹಜರು ಬರೆದು ಸಹಿ ಹಾಕಿಸಿಕೊಂಡಳು. ಡ್ವೈಟ್ ಒಲೆಯ ಪಕ್ಕದ ಗೋಡೆ ನೋಡುತ್ತ ನಿಂತಿದ್ದ. ಅಲ್ಲಿ ಮೊಳೆಗೆ ಮಫಿನ್ ತಟ್ಟೆ ನೇತುಹಾಕಿತ್ತು, ನಮ್ಮ ಪಡ್ಡಿನ ಕಾವಲಿಯ ಹಾಗೆ ಗುಳಿಗುಳಿಯದು.

"ತಟ್ಟೆ ಇದೊಂದೇನಾ?" ಅವನು ಕೇಳಿದ.

"ಮದುವೇಲಿ ಬಂದಿದ್ದು. ಅದೊಂದೇ," ಎಂದಳು ಓಪಲ್.

ಮೂರೂವರೆಗೆ ಬಂಧನವಾಯಿತು. ಕೋಳ ಹಾಕಲಿಲ್ಲ. ಓಪಲ್ ಏಪ್ರನ್ ಬಿಚ್ಚಿ, ಸ್ವೆಟರ್ ಹಾಕಿಕೊಂಡು, ಗಂಡನ ಊಟ ಎಲ್ಲಿದೆ ಎಂದು ಅವನಿಗೆ ಎರಡು ಸಲ ಹೇಳಿ ಜೀಪು ಹತ್ತಿದಳು. ರೋಂಡಾ ಓಡಿಸಿದಳು. ಜೀಪು ಜೋಳದ ಹೊಲಗಳನ್ನು ದಾಟಿತು.

"ಅಮ್ಮಾ," ಡ್ವೈಟ್ ಹಿಂದೆ ತಿರುಗಿದ, "ನಿಮ್ಮ ತಟ್ಟೇಲಿರೋದು ಹನ್ನೆರಡೇ ಗುಳಿ."

ಓಪಲ್ ಕಿಟಕಿಯ ಹೊರಗೆ ನೋಡಿದಳು. ಅತ್ತಲೇ ನೋಡುತ್ತ ಹೇಳಿದಳು:

"ಅಡುಗೆಮನೆ ಮೇಜಿನ ಮೇಲೆ ಎಲ್ಲ ತೆಗೆದು ಒರೆಸ್ತಾ ಕೂತಿದ್ರು. ಹಾಡು ಗುನುಗ್ತಾ ಇದ್ರು. ಆಮೇಲೆ ಸುಮ್ನೆ ಕೈಗೆ ಸಿಕ್ಕಿದ್ದನ್ನ ಸಿಕ್ಕಿದ ಗುಳಿಗೆ ಹಾಕಿದ್ರು. ಅವ್ರು! ಕತ್ತಲಲ್ಲಿ ಕೊಟ್ರೂ ಸಾಲು ತಪ್ಪದೋರು. ನಾನು ಪಾತ್ರೆ ತೊಳೀತಾ ನೋಡ್ತಾ ಇದ್ದೆ. ಹೇಗೆ ಹೇಳೋದು, ಹೇಳಿ? ಆ ಹಲಗೆ ಒಂದು ಸರಿಯಾಗಿದೆ ಅಂತಲೇ ಅವ್ರು ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗೋದು."

"ಕೊರಾಗೆ ಗುಟ್ಟಾಗಿ ಹೇಳ್ಬಹುದಿತ್ತಲ್ಲ?"

"ಕೊರಾಗೆ ಹೇಳೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ."

"ಇವತ್ತು ಹೇಳಿದ ಕತೆಯನ್ನ ಮೊದಲೇ ಹೇಳಿದ್ರೆ ಗಾಜು ಒಡೆಯೋದು ತಪ್ತಿತ್ತು."

"ಸುಳ್ಳು ಹೇಳಿ ಅಭ್ಯಾಸ ಇಲ್ಲಪ್ಪ ನನಗೆ. ಕಳ್ಳತನವೇ ಸುಲಭ ಅನ್ನಿಸ್ತು." ಅವಳು ಸ್ವೆಟರಿನ ತೋಳಿನಿಂದ ಮೂಗೊರೆಸಿಕೊಂಡಳು. "ಇವತ್ತು ಅವರ ಮುಖ ನೋಡಿದೆ. ಸುಳ್ಳು ತಾನಾಗೇ ಬಂತು."

ಠಾಣೆಯಲ್ಲಿ ರೋಂಡಾ ಹೇಳಿಕೆ ಟೈಪು ಮಾಡಲು ಕೂತಳು. "ಮಫಿನ್ ತಟ್ಟೆ ಅಂತ ಬರೀಲಾ ಸಾರ್?"

"ಅವರು ಹೇಳಿದ್ದು ಅದೇ ತಾನೇ?"

"ಗುಳಿ ಎಷ್ಟು?"

"ಯಾರು ಎಣಿಸಿದ್ರು?" ಎಂದ ಡ್ವೈಟ್.

ಸಂಜೆ ಕೊರಾ ಬಂದಳು. ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕಳು. ಗಾಜು ಹಾಕಿಸಿಕೊಟ್ಟರೆ ದೂರು ವಾಪಸ್ ಎಂದಳು. ಶುಕ್ರವಾರದ ಹೊತ್ತಿಗೆ ಇಡೀ ಕೌಂಟಿಗೆ ಓಪಲ್‌ಳ ಮಫಿನ್ ತಟ್ಟೆಯ ಕತೆ ಗೊತ್ತಾಗಿತ್ತು. ಡಂಗುರ ಚೆನ್ನಾಗಿಯೇ ಹೊಡೆದಿತ್ತು.

ಶನಿವಾರ ಬೆಳಿಗ್ಗೆ ಕೊರಾಳ ಗ್ಯಾರೇಜಿನ ಮುಂದೆ ಊರೇ ಸೇರಿತ್ತು. ಓಪಲ್ ಇಟ್ಟುಹೋದ ಕ್ಯಾಮೂ ಲಿಫ್ಟರುಗಳೂ ಕೂತಿದ್ದ ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಗರ್ಜಿಸಿತು. ವೆರ್ಲಿನ್ ತಲೆ ವಾರೆ ಮಾಡಿ ಆಲಿಸಿದ. ಹದಿನಾರರಲ್ಲಿ ಒಂದೂ ಟಿಕ್ ಅನ್ನಲಿಲ್ಲ. ಅವನು ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಹೆಂಡತಿಯ ಕತೆ ಹೇಳಿದ. ಹೇಳಿದವರಿಗೇ ಮತ್ತೆ ಹೇಳಿದ.

"ಐವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿ, ಇವಳಿಗೆ ಇಷ್ಟೂ ಗೊತ್ತಾಗಲಿಲ್ಲ ನೋಡಿ!"

ಓಪಲ್ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಜನ ನಗುತ್ತಿದ್ದರು. ಅವನು ಹೇಳುವಾಗ ಎಲ್ಲಾದರೂ ತಡವರಿಸಿದರೆ ಮುಂದಿನ ಮಾತನ್ನು ಅವಳೇ ಮೆಲ್ಲಗೆ ಎತ್ತಿಕೊಡುತ್ತಿದ್ದಳು.