ಮೂರನೆಯ ತೂತು

2019ರ ಫೆಬ್ರುವರಿ 12, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ.

ಮಾತ್ಲೆನ್ ಹಾಳೆಯ ಮೇಲ್ಗಡೆ ಇಷ್ಟನ್ನು ದುಂಡಗೆ ಬರೆದಳು. ಮುಂದೇನು ಬರೆಯಬೇಕೆಂದು ತಿಳಿಯದೆ ಪೆನ್ಸಿಲ್ ಕಚ್ಚಿದಳು. ಅವಳೆದುರಿಗೆ, ಹೆಪ್ಪುಗಟ್ಟಿದ ಸರೋವರದ ಮೇಲೆ, ಅವಳ ಅಜ್ಜಿ ಮಂಡಿಯೂರಿ ಕೂತು ಬೈರಿಗೆ ತಿರುಗಿಸುತ್ತಿದ್ದಳು. ಮೂಲನಿವಾಸಿಗಳ ಆ ಊರಿನ ಚೀಫ್, ಅಂದರೆ ಊರಿನವರು ಓಟು ಹಾಕಿ ಆರಿಸಿದ ಮುಖ್ಯಸ್ಥೆ, ಡೆಲಿಯಾ ಇಸಡೋರ್ ಎಂದರೆ ಅವಳೇ.

"ಗೀಜು, ಏನಂತ ಬರೀಲಿ?" ಆ ಊರಿನ ಮಕ್ಕಳೆಲ್ಲ ಅಜ್ಜಿಯನ್ನು ಕರೆಯುವುದೇ ಹಾಗೆ.

"ತೂತು ಕೊರೀತಿದಾಳೆ ಅಂತ ಬರಿ."

"ಅದು ನಾಯಕರು ಮಾಡೋ ಕೆಲಸ ಅಲ್ಲ."

"ಹಾಗಾದ್ರೆ ನಾಯಕರು ಬರೋ ತನಕ ಕಾಯ್ತಿರು," ಎಂದು ಅಜ್ಜಿ ಬೈರಿಗೆಯನ್ನು ಇನ್ನೊಂದು ಸುತ್ತು ತಿರುಗಿಸಿದಳು.

ಹಾಳೆಯನ್ನು ಕೊಟ್ಟವರು ಐದನೇ ತರಗತಿಯ ಮಿಸ್ ಡೆನಿ. ಮೇಲೆ 'ನಾಯಕರೊಂದಿಗೆ ಒಂದು ದಿನ' ಎಂದು ಅಚ್ಚಾಗಿತ್ತು. ಕೆಳಗೆ ಮೂರು ಖಾಲಿ ಜಾಗಗಳಿದ್ದವು. ಒಂದು, ನಾಯಕರು ಮಾಡಿದ ಭಾಷಣ. ಎರಡು, ನಾಯಕರು ತೆಗೆದುಕೊಂಡ ದೊಡ್ಡ ನಿರ್ಧಾರ. ಮೂರು, ಜನರು ನಾಯಕರ ಬಗ್ಗೆ ಆಡಿದ ಒಳ್ಳೆಯ ಮಾತು. ಶುಕ್ರವಾರ ಇದನ್ನು ಎಲ್ಲರೆದುರು ಓದಬೇಕು. ಅದಕ್ಕೆಂದೇ ಇವತ್ತು ಮಾತ್ಲೆನ್ ಶಾಲೆ ಬಿಟ್ಟು ಅಜ್ಜಿಯ ಬೆನ್ನು ಹತ್ತಿದ್ದಳು.

"ನಿಮ್ಮಜ್ಜಿ ಬಗ್ಗೆ ಓದೋಕೇನಿದೆ?" ಎಂದು ನಿನ್ನೆ ಅವಳ ತರಗತಿಯ ಕೋಲ್ಟನ್ ಅಣಕಿಸಿದ್ದ. "ಎದ್ದಳು, ತೂತು ಕೊರೆದಳು, ಮಲಗಿದಳು!"

ಕೋಲ್ಟನ್‌ಗೆ ಸಿಟ್ಟು ಬರಲು ಕಾರಣವಿತ್ತು. ಊರಿಗೆಲ್ಲ ಸಿಟ್ಟು ಬಂದಿತ್ತು. ಗುರುವಾರ ಊರಿನ ಹಿರಿಯರಲ್ಲೊಬ್ಬಳಾದ ಸಾಬೆತ್ ಅಜ್ಜಿಗೆ ತೊಂಬತ್ತು ತುಂಬುತ್ತದೆ. ಆ ದಿನ ದೊಡ್ಡ ಊಟ. ಊಟ ಎಂದರೆ ಹಾವುಮೀನಿನ ಸಾರು ಇರಲೇಬೇಕು. ಚಳಿಗಾಲದಲ್ಲಿ ಹಾವುಮೀನು ಸರೋವರದ ತಳದ ಕೆಸರಿನಲ್ಲಿ ಮಲಗಿರುತ್ತದೆ. ಮಂಜುಗಡ್ಡೆಯನ್ನು ಕಡಿದು, ಉದ್ದನೆಯ ಭರ್ಜಿಯಿಂದ ಕೆಸರಿಗೆ ಚುಚ್ಚಿ ಹಿಡಿಯಬೇಕು. ಮೊದಲು ಸಿಕ್ಕ ಮೀನು ಊರಿನ ಹಿರಿಯರ ಮನೆಗಳಿಗೆ ಹೋಗಬೇಕು. ಆದರೆ ಈ ವರ್ಷ ಒಂದು ಮೀನೂ ಯಾರ ಮನೆಗೂ ಹೋಗಿರಲಿಲ್ಲ. ಮಂಜುಗಡ್ಡೆ ಹದಿನೈದು ಸೆಂಟಿಮೀಟರ್ ದಪ್ಪ ಆಗುವವರೆಗೆ ಯಾರೂ ಇಳಿಯಬಾರದೆಂದು ಚೀಫ್ ಒಂಬತ್ತು ದಿನದಿಂದ ತಡೆದಿದ್ದಳು.

ಅಜ್ಜಿ ದಿನವೂ ಮೂರು ತೂತು ಕೊರೆಯುತ್ತಿದ್ದಳು. ಮೊದಲನೆಯದು ದಡದ ಹತ್ತಿರ, ಎರಡನೆಯದು ಸ್ವಲ್ಪ ದೂರ, ಮೂರನೆಯದು ತೊರೆ ಬಂದು ಸೇರುವ ಕಡೆ. ತುದಿಗೆ ಮೊಳೆ ಹೊಡೆದ ಒಂದು ಅಳತೆಕೋಲು ಅವಳ ಬಳಿ ಇತ್ತು. ಅದನ್ನು ತೂತಿನೊಳಗೆ ಬಿಟ್ಟು ಮೇಲೆಳೆದರೆ ಮೊಳೆ ಮಂಜುಗಡ್ಡೆಯ ತಳಕ್ಕೆ ಸಿಕ್ಕಿಕೊಳ್ಳುತ್ತಿತ್ತು.

"ಇಪ್ಪತ್ತು!" ಎಂದು ಅಜ್ಜಿ ಮೊದಲ ತೂತಿನಿಂದ ಕೂಗಿದಳು. ದಡದಲ್ಲಿದ್ದ ಮಾತ್ಲೆನ್ ಬರೆದುಕೊಂಡಳು.

"ಹದಿನಾಲ್ಕು!"

ಮೂರನೆಯದಕ್ಕೆ ತುಂಬ ಹೊತ್ತು ಹಿಡಿಯಿತು. ಅಜ್ಜಿ ಪ್ರತಿ ಹೆಜ್ಜೆಗೂ ಕೋಲಿನಿಂದ ಕುಟ್ಟಿ ನೋಡಿಯೇ ಮುಂದೆ ಹೋಗುತ್ತಿದ್ದಳು. "ಹನ್ನೊಂದು!"

ಆಮೇಲೆ ದಡಕ್ಕೆ ಬಂದು, ಕಂಬಕ್ಕೆ ಹೊಡೆದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ 11 ಎಂದು ಬರೆದಳು. ಅದರ ಕೆಳಗೆ, 'ಮುಚ್ಚಿದೆ'.

"ಗೀಜು, ಮೂರು ತೂತು ಕೊರೆದು ಒಂದನ್ನೇ ಯಾಕೆ ಬರೀತೀಯ?"

ಅಜ್ಜಿ ಬಾಯಿ ತೆರೆದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಆಮೇಲೆ ಫೋನು ಸುಮ್ಮನಾಗಲೇ ಇಲ್ಲ. ಏಳೂ ಐವತ್ತಕ್ಕೆ, ಪಕ್ಕದ ಮನೆಯ ನಾಯಿ ಒಬ್ಬರ ಎಡಗಾಲಿನ ಬೂಟು ಕಚ್ಚಿಕೊಂಡು ಓಡಿದೆ ಎಂಬ ದೂರು. ಒಂಬತ್ತೂ ಕಾಲಿಗೆ, ಒಂದು ಮನೆಯಲ್ಲಿ ಬಿಸಿನೀರು ಬರುತ್ತಿಲ್ಲ ಎಂಬ ದೂರು. ಹತ್ತೂ ನಲವತ್ತಕ್ಕೆ ಅಜ್ಜಿ ಸಾಬೆತ್ ಅಜ್ಜಿಯನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಳು.

"ನಿಮ್ಮಪ್ಪನ ಕಾಲದಲ್ಲಿ ಕ್ರಿಸ್‌ಮಸ್‌ಗೆ ಸರಿಯಾಗಿ ಐಸ್ ಕಟ್ತಿತ್ತು," ಎಂದು ಸಾಬೆತ್ ಅಜ್ಜಿ ದಾರಿಯುದ್ದಕ್ಕೂ ಗೊಣಗಿದಳು. "ನೀನು ಚೀಫ್ ಆದ್ಮೇಲೆ ಚಳಿಗಾಲಾನೇ ಹಾಳಾಗೋಯ್ತು."

"ಮುಂದಿನ ಮೀಟಿಂಗಲ್ಲಿ ಸರಿ ಮಾಡಿಸ್ತೀನಿ, ಆಂಟಿ," ಎಂದಳು ಅಜ್ಜಿ.

ಮಧ್ಯಾಹ್ನ ಆಫೀಸಿನಲ್ಲಿ ಮೂಸ್ ಎಂಬ ದೊಡ್ಡ ಜಿಂಕೆಯ ಮಾಂಸದ ಸಾರು ಚೀಫ್‌ನ ಸರದಿ ಬರುವ ಹೊತ್ತಿಗೆ ಖಾಲಿಯಾಗಿತ್ತು. ಅವಳು ನಿಂತುಕೊಂಡೇ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದಳು. ಒಂದೂ ಮುಕ್ಕಾಲಿಗೆ ಸರ್ಕಾರದ ಅಧಿಕಾರಿಗಳ ಜೊತೆ ವಿಡಿಯೊ ಮೀಟಿಂಗ್ ಇತ್ತು. ಇನ್ನೇನು ಭಾಷಣ ಸಿಕ್ಕಿತು ಎಂದು ಮಾತ್ಲೆನ್ ಪೆನ್ಸಿಲ್ ಚೂಪು ಮಾಡಿಕೊಂಡಳು. ಆದರೆ ಇಪ್ಪತ್ತೆರಡು ನಿಮಿಷ ಅಧಿಕಾರಿಗಳೇ ಮಾತಾಡಿದರು. ಪರದೆಯ ಮೇಲೆ ಅಜ್ಜಿಯ ಚಿತ್ರ ಬಾಯಿ ತೆರೆದಂತೆಯೇ ಅಂಟಿಕೊಂಡಿತ್ತು. ಕೊನೆಗೆ ಅವರು ಚೀಫ್‌ನ ಅಮೂಲ್ಯ ಸಲಹೆಗಳಿಗಾಗಿ ಧನ್ಯವಾದ ಹೇಳಿದರು.

ಮೂರು ಗಂಟೆಗೆ ಅಂಗಡಿಯ ಮುಂದೆ ಪಿಯೆಲ್ ಮಾಮ ಸಿಕ್ಕಿದ. ಅವನು ಕೋಲ್ಟನ್‌ನ ತಾತ. ಕಳೆದ ಚುನಾವಣೆಯಲ್ಲಿ ಅಜ್ಜಿಯ ಎದುರು ನಿಂತು ಆರು ಓಟಿನಿಂದ ಸೋತವನು. ಬಾಗಿಲಿನಷ್ಟು ಅಗಲ, ಎದೆಯವರೆಗೆ ಗಡ್ಡ.

"ಏನ್ ಡೆಲಿಯಾ, ಹಾವುಮೀನಿಗೆ ಈ ವರ್ಷ ರಜೆ ಕೊಟ್ಬಿಟ್ಯಾ? ನೋಡ್ರಪ್ಪಾ, ಇವಳು ಊರಿಗೆ ಚೀಫ್ ಅಲ್ಲ. ಮೂರು ತೂತಿಗೆ ಚೀಫ್!"

ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ಅಜ್ಜಿಯೂ ನಕ್ಕಳು. "ಆರು ಓಟಲ್ಲಿ ಬಚಾವಾದೆ ನೀನು. ಇಲ್ದಿದ್ರೆ ಬೆಳಿಗ್ಗೆ ಏಳಕ್ಕೆ ಎದ್ದು ಆ ತೂತು ನೀನು ಕೊರೀಬೇಕಾಗ್ತಿತ್ತು."

ಮಾತ್ಲೆನ್ ನಗಲಿಲ್ಲ. ಟ್ರಕ್ಕಿನಲ್ಲಿ ಕೂತು ಹಾಳೆ ನೋಡಿದಳು. ಮೂರು ಜಾಗವೂ ಖಾಲಿ. ಪಕ್ಕದಲ್ಲಿ ಬೆಳಿಗ್ಗೆ ಬರೆದುಕೊಂಡ ಮೂರು ಅಂಕಿಗಳು: 20, 14, 11.

ಆಗ ಅವಳಿಗೆ ಹೊಳೆಯಿತು. ಸರಾಸರಿ! ಹೋದ ವಾರವಷ್ಟೇ ಮಿಸ್ ಡೆನಿ ಕಲಿಸಿದ್ದರು. ಹತ್ತಕ್ಕೆ ಹತ್ತು ಬಂದಿದ್ದು ಮಾತ್ಲೆನ್ ಒಬ್ಬಳಿಗೇ. ಇಪ್ಪತ್ತು, ಹದಿನಾಲ್ಕು, ಹನ್ನೊಂದು ಕೂಡಿದರೆ ನಲವತ್ತೈದು. ಅದನ್ನು ಮೂರರಿಂದ ಭಾಗಿಸಿದರೆ ಹದಿನೈದು! ಶೇಷ ಕೂಡ ಉಳಿಯಲಿಲ್ಲ.

ಒಂಬತ್ತು ದಿನ ಊರೆಲ್ಲ ಕಾದದ್ದು, ಬೈದದ್ದು, ಬರೀ ಇಷ್ಟಕ್ಕೆ. ಪಾಪ, ಗೀಜುಗೆ ಸರಾಸರಿ ತೆಗೆಯುವುದು ಗೊತ್ತಿಲ್ಲ ಎಂದುಕೊಂಡಳು.

ಮೂರೂ ಇಪ್ಪತ್ತಕ್ಕೆ ಅಜ್ಜಿ ದಡದ ಹತ್ತಿರ ಟ್ರಕ್ ನಿಲ್ಲಿಸಿ ಫೋನು ಎತ್ತಿಕೊಂಡಳು. ಬೂಟು ಸಿಕ್ಕಿತ್ತು, ಈಗ ನಾಯಿ ಸಿಗುತ್ತಿರಲಿಲ್ಲ. ಮಾತ್ಲೆನ್ ಮೆಲ್ಲಗೆ ಇಳಿದಳು. ಕೈಗವಸಿನಿಂದ 11 ಅಳಿಸಿದಳು. 'ಮುಚ್ಚಿದೆ' ಎಂಬುದನ್ನೂ ಅಳಿಸಿದಳು. ಅಜ್ಜಿಯ ಅಕ್ಷರದ ಹಾಗೆಯೇ ದೊಡ್ಡದಾಗಿ 15 ಎಂದು ಬರೆದಳು. ಶಾಲೆಯ ಬಸ್ಸು ಹಾದುಹೋಯಿತು. ಕಿಟಕಿಗೆ ಮೂಗು ಒತ್ತಿಕೊಂಡಿದ್ದ ಕೋಲ್ಟನ್‌ನ ಕಣ್ಣು ಅಗಲವಾಯಿತು.

ಇನ್ನು ಮೂರನೆಯ ಖಾಲಿ ಜಾಗ ತಾನಾಗಿಯೇ ತುಂಬುತ್ತದೆ ಎಂದು ಮಾತ್ಲೆನ್ ಖುಷಿಯಾಗಿ ಮನೆಗೆ ಬಂದಳು.

ನಾಲ್ಕು ಗಂಟೆಗೆ ಅವಳು ಕಿಟಕಿಯ ಬಳಿ ಕೂತು ರೊಟ್ಟಿಗೆ ಕಾಕಂಬಿ ಸವರುತ್ತಿದ್ದಳು. ಕೆಳಗೆ ಪಿಯೆಲ್ ಮಾಮ ಮಂಜುಗಡ್ಡೆಗೆ ಇಳಿಯುತ್ತಿರುವುದು ಕಾಣಿಸಿತು. ಹೆಗಲ ಮೇಲೆ ಭರ್ಜಿ, ಹಿಂದೆ ಎಳೆದುಕೊಂಡು ಹೋಗುವ ಜಾರುಬಂಡಿ, ಅದರ ಮೇಲೆ ಕೊಡಲಿ. ಚೀಲ ಹಿಡಿದು ಕೋಲ್ಟನ್ ಹಿಂಬಾಲಿಸಿದ್ದ. ಅವರು ಮೊದಲ ತೂತಿನ ಹತ್ತಿರ ನಿಲ್ಲಲಿಲ್ಲ. ಎರಡನೆಯದನ್ನೂ ದಾಟಿದರು. ನೇರವಾಗಿ ತೊರೆಯ ಕಡೆಗೆ ಹೊರಟಿದ್ದರು.

ಹೋಗಲೇಬೇಕಲ್ಲ. ಹಾವುಮೀನು ಇರುವುದು ತೊರೆಯ ಬಾಯಲ್ಲಿ, ಮೆತ್ತನೆಯ ಕೆಸರಿನಲ್ಲಿ. ಅವು ಸರಾಸರಿಯಲ್ಲಿ ಮಲಗಿರಲಿಲ್ಲ.

ಮಾತ್ಲೆನ್‌ಳ ಕೈಯಿಂದ ರೊಟ್ಟಿ ಬಿತ್ತು. ಕೋಟು ಕೂಡ ಹಾಕಿಕೊಳ್ಳದೆ ಓಡಿದಳು.

"ಪಿಯೆಲ್ ಮಾಮಾ! ನಿಲ್ಲಿ! ಮುಂದೆ ಹೋಗ್ಬೇಡಿ!"

ಅವನು ತಿರುಗಿದ. "ಏನೇ? ನಿಮ್ಮಜ್ಜಿ ಮತ್ತೆ ಮನಸ್ಸು ಬದಲಾಯಿಸಿದ್ಳಾ?"

"ಐಸ್ ಅಳೆದು ನೋಡಿದ್ರಾ?"

"ಬೋರ್ಡಲ್ಲಿ ಹದಿನೈದು ಅಂತ ಇದೆಯಲ್ಲ. ಡೆಲಿಯಾ ಬರೆದ ಮೇಲೆ ನಾನ್ಯಾಕೆ ಅಳೀಲಿ?"

"ಅದು ಗೀಜು ಬರೆದಿದ್ದಲ್ಲ!" ಮಾತ್ಲೆನ್ ಕೂಗಿದಳು. "ನಾನು ಬರೆದಿದ್ದು! ಅಲ್ಲಿ ಹನ್ನೊಂದೇ ಇರೋದು!"

ಪಿಯೆಲ್ ಮಾಮ ಇದ್ದಲ್ಲೇ ನಿಂತ. ಅವನ ಕಾಲಡಿ ಎಲ್ಲೋ ಆಳದಲ್ಲಿ ಒಣಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವನು ಬೈಯಲಿಲ್ಲ, ಕೂಗಲೂ ಇಲ್ಲ. "ಕೋಲ್ಟನ್, ಚೀಲ ಬಿಡು. ಬಂದ ಹೆಜ್ಜೆ ಮೇಲೇ ವಾಪಸ್ ಹೋಗು. ಓಡ್ಬೇಡ," ಎಂದ. ಆಮೇಲೆ ಅಷ್ಟು ದೊಡ್ಡ ಮನುಷ್ಯ ಮೆಲ್ಲಗೆ ಬೋರಲು ಮಲಗಿದ. ಭರ್ಜಿಯನ್ನು ಎದೆಯಡಿ ಅಡ್ಡವಾಗಿ ಹಿಡಿದು, ಇಂಚು ಇಂಚಾಗಿ ದಡದ ಕಡೆಗೆ ಜಾರತೊಡಗಿದ. ಜಾರುಬಂಡಿ ಅಲ್ಲೇ ಉಳಿಯಿತು.

ಕೊನೆಗೂ ಅವನು ದಡ ಮುಟ್ಟಿದ. ಗಡ್ಡದ ತುಂಬ ಮಂಜು ಮೆತ್ತಿಕೊಂಡಿದ್ದ ಪಿಯೆಲ್ ಮಾಮ ಎದ್ದು ನಿಂತು ಅವಳನ್ನು ನೋಡಿದ.

"ನೀನು ಯಾವತ್ತಾದ್ರೂ ಓಟಿಗೆ ನಿಂತ್ರೆ," ಎಂದ, "ನಿಂಗೂ ನನ್ನ ಓಟು ಇಲ್ಲ." ಮೊಮ್ಮಗನ ಹೆಗಲು ಹಿಡಿದುಕೊಂಡು ಹೊರಟುಹೋದ.

ಹಿಂದಿನಿಂದ ಕೋಟು ಅವಳ ಹೆಗಲ ಮೇಲೆ ಬಿತ್ತು. ಅಜ್ಜಿ ಬಂದಿದ್ದಳು. ಬೋರ್ಡು ನೋಡಿದ್ದಳು.

"ನಾನು ಸರಾಸರಿ ತೆಗೆದೆ, ಗೀಜು. ಲೆಕ್ಕ ತಪ್ಪಾಯ್ತಾ?"

"ಇಪ್ಪತ್ತು, ಹದಿನಾಲ್ಕು, ಹನ್ನೊಂದು." ಅಜ್ಜಿ ಒಂದು ಕ್ಷಣ ತುಟಿ ಅಲ್ಲಾಡಿಸಿದಳು. "ಲೆಕ್ಕ ಸರಿಯಾಗೇ ಇದೆ. ಹದಿನೈದೇ."

"ಮತ್ತೆ?"

"ಆ ಹದಿನೈದು ಎಲ್ಲಿದೆ, ತೋರಿಸು."

ಮಾತ್ಲೆನ್ ಸರೋವರವನ್ನು ನೋಡಿದಳು. ಮೊದಲ ತೂತು. ಎರಡನೆಯ ತೂತು. ದೂರದಲ್ಲಿ ಮೂರನೆಯದು, ಅದಕ್ಕಿಂತ ಈಚೆಗೆ ಒಂಟಿಯಾಗಿ ನಿಂತ ಜಾರುಬಂಡಿ. ಅವಳು ಎತ್ತಿದ ಕೈಯನ್ನು ಎತ್ತ ಚಾಚಬೇಕೆಂದು ತಿಳಿಯದೆ ಕೆಳಗಿಳಿಸಿದಳು.

ಅಜ್ಜಿ ಜೇಬಿನಿಂದ ಸೀಮೆಸುಣ್ಣ ತೆಗೆದು ಅವಳ ಕೈಗಿಟ್ಟಳು.

ಸಂಜೆ ಊಟಕ್ಕೆ ಮುಂಚೆ ಮಾತ್ಲೆನ್ ಮತ್ತೆ ಹಾಳೆ ಹಿಡಿದು ಕೂತಳು. ಭಾಷಣದ ಜಾಗವೂ ನಿರ್ಧಾರದ ಜಾಗವೂ ಖಾಲಿಯೇ ಉಳಿದವು. ಮೂರನೆಯ ಜಾಗದಲ್ಲಿ, ನಿಧಾನವಾಗಿ, ಪಿಯೆಲ್ ಮಾಮನ ಮಾತನ್ನು ಬರೆದಳು: 'ಡೆಲಿಯಾ ಬರೆದ ಮೇಲೆ ನಾನ್ಯಾಕೆ ಅಳೀಲಿ?'

ಅಜ್ಜಿ ಕನ್ನಡಕ ಏರಿಸಿ ಓದಿದಳು. "ಇದನ್ನ ಪಿಯೆಲ್‌ಗೆ ಮಾತ್ರ ತೋರಿಸ್ಬೇಡ," ಎಂದಳು. "ತಾನು ನನ್ನನ್ನ ಹೊಗಳಿದ್ದು ಗೊತ್ತಾದ್ರೆ ಒಂದು ವಾರ ಊಟ ಬಿಡ್ತಾನೆ."

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅಜ್ಜಿ ಮಾತ್ಲೆನ್‌ಳ ಸೊಂಟಕ್ಕೆ ಹಗ್ಗ ಕಟ್ಟಿದಳು. ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ಕುಟ್ಟಿ ಕುಟ್ಟಿ ನೋಡುತ್ತ ಮೂರನೆಯ ತೂತಿನವರೆಗೆ ಹೋದರು. ರಾತ್ರಿ ಚೆನ್ನಾಗಿ ಚಳಿ ಬಿದ್ದಿತ್ತು. ಅಜ್ಜಿ ಬೈರಿಗೆ ತಿರುಗಿಸಿದಳು, ಮಾತ್ಲೆನ್ ಅಳತೆಕೋಲು ಬಿಟ್ಟಳು.

ದಡದಲ್ಲಿ ಪಿಯೆಲ್ ಮಾಮ ಭರ್ಜಿ ಹಿಡಿದು ನಿಂತಿದ್ದ. ಅವನ ಹಿಂದೆ ಕೋಲ್ಟನ್, ಇನ್ನೂ ನಾಲ್ಕಾರು ಜನ. ನಾಳೆಯೇ ಊಟ.

"ಎಷ್ಟೇ?" ಎಂದು ಅವನು ಕೂಗಿದ.

ಮಾತ್ಲೆನ್ ಕೋಲನ್ನು ಮೇಲೆಳೆದಳು. ಮೊಳೆ ತಳಕ್ಕೆ ಸಿಕ್ಕಿತು. ಅವಳು ಕೆನ್ನೆಯನ್ನು ಮಂಜುಗಡ್ಡೆಗೆ ತಾಗಿಸಿ ಓದಿದಳು. ಸರಿಯಾಗಿ ಕಂಡಿತೋ ಇಲ್ಲವೋ ಎಂದು ಕೋಲನ್ನು ಬಿಟ್ಟು, ಮತ್ತೆ ಎಳೆದು, ಇನ್ನೊಮ್ಮೆ ಓದಿದಳು. ಅಜ್ಜಿ ಬಗ್ಗಿ ನೋಡಲೂ ಇಲ್ಲ.

ಕೂಗಿ ಹೇಳಿದ ಅಂಕಿ ಕೇಳಿ ಪಿಯೆಲ್ ಮಾಮ ಹಿಮದ ಮೇಲೆ ಉಗಿದ. "ಥತ್! ಸಾಬೆತ್‌ಗೆ ಈ ಸಲ ಕೋಳಿ ಸಾರೇ ಗತಿ!" ಎಂದು ಭರ್ಜಿಯನ್ನು ಹೆಗಲಿಗೇರಿಸಿ ಮನೆಯ ಕಡೆ ತಿರುಗಿದ. ಅವನ ಹಿಂದೆ ಗೊಣಗುತ್ತ ಉಳಿದವರೂ ತಿರುಗಿದರು. ಒಬ್ಬರೂ ಅಳೆದು ನೋಡಲು ಬರಲಿಲ್ಲ.

ಮಾತ್ಲೆನ್ ದಡಕ್ಕೆ ಬಂದು, ಹಲಗೆಯನ್ನು ಚೆನ್ನಾಗಿ ಒರೆಸಿ, ಬರೆದಳು.

ಹನ್ನೆರಡು ಸೆಂಟಿಮೀಟರ್ ಐದು ಮಿಲಿಮೀಟರ್.